ಮಂತ್ರಿಯ ದುಭಾಷಿ

"ಗುರುಗಳೇ, ನಿಂದೆಯನ್ನು ಕೇಳಿಯೂ ಸುಮ್ಮನಿರುವವನು ಹೇಡಿಯಲ್ಲವೇ?"

ಶಿಷ್ಯ ಮರಿದೇವ ಪಕ್ಕದ ಊರಿನ ಮಠದಿಂದ ಎರಡು ಹರದಾರಿ ನಡೆದು ಆಗತಾನೇ ಬಂದಿದ್ದ. ಮೈ ಇನ್ನೂ ಕಾದಿತ್ತು. "ಅಲ್ಲಿಯ ಸ್ವಾಮಿಗಳು ತಮ್ಮನ್ನು ಡಂಭಾಚಾರಿ ಎಂದರು. ಅಪ್ಪಣೆ ಕೊಡಿ, ನಾಳೆಯೇ ಹತ್ತು ಜನರನ್ನು ಕಟ್ಟಿಕೊಂಡು ಹೋಗಿ ಉತ್ತರ ಕೊಟ್ಟು ಬರುತ್ತೇನೆ."

"ಹೋಗುವೆಯಂತೆ, ಯಾರು ಬೇಡ ಅಂದರು? ಮೊದಲು ಕಾಲು ತೊಳೆದು ಕುಳಿತುಕೋ," ಎಂದು ಗುರುಗಳು ಕತೆ ತೆಗೆದರು.

ಯುರೋಪಿನ ಒಂದು ಪುಟ್ಟ ದೇಶದಲ್ಲಿ ಒಬ್ಬ ಅಂಬಿಗನ ಮಗನಿದ್ದ. ಗಡಿಯ ಹೊಳೆಯಲ್ಲಿ ಹುಟ್ಟು ಹಾಕುತ್ತ ಬೆಳೆದವನು ಓದಿ, ರಾಯಭಾರ ಕಚೇರಿಯಲ್ಲಿ ಗುಮಾಸ್ತನಾದ. ಮೂವತ್ತು ವರ್ಷ ದೇಶದೇಶದ ನೀರು ಕುಡಿದು ರಾಯಭಾರಿಯಾದ. ತಲೆ ನರೆಯುವ ಹೊತ್ತಿಗೆ ವಿದೇಶಾಂಗ ಮಂತ್ರಿಯೇ ಆದ. ಎಂಥ ಏರಿಕೆ ನೋಡು!

ಮಂತ್ರಿಯಾದವನು ತನ್ನ ನಾಡಿನ ನುಡಿಯಲ್ಲೇ ಮಾತಾಡಬೇಕು, ಎದುರಿನವರ ಮಾತನ್ನು ದುಭಾಷಿಯ ಬಾಯಿಂದಲೇ ಕೇಳಬೇಕು ಎಂಬುದು ಅಲ್ಲಿಯ ಕಟ್ಟಳೆ. ನೆರೆದೇಶದವರು ಬಂದಾಗಲೆಲ್ಲ ಒಬ್ಬ ದುಭಾಷಿ ಅವನ ಪಕ್ಕದಲ್ಲಿ ಕೂರುತ್ತಿದ್ದ.

ಒಮ್ಮೆ ಆ ಹೊಳೆಗಾಗಿಯೇ ಎರಡು ದೇಶಗಳಿಗೆ ಜಗಳ ಹತ್ತಿತು. ಎರಡು ದಡದಲ್ಲೂ ದಂಡು ಬಂದು ನಿಂತಿತು. ದುಭಾಷಿಯ ಇಬ್ಬರು ಮಕ್ಕಳೂ ಆ ದಂಡಿನಲ್ಲಿದ್ದರು. ಅಂದಿನ ಮಾತುಕತೆ ಮುರಿದರೆ ಮರುದಿನವೇ ಯುದ್ಧ.

ನೆರೆದೇಶದ ಮಂತ್ರಿ ಮುಂಗೋಪಿ. ಮೇಜು ಗುದ್ದಿ ತನ್ನ ನುಡಿಯಲ್ಲಿ ಕೂಗಿದ: "ಈ ಅಂಬಿಗನ ಮಗನಿಗೆ ನಾನು ಹೊಳೆ ಬಿಟ್ಟುಕೊಡಬೇಕೇ? ಇವನ ಅಪ್ಪ ಯಾರೆಂದು ಹೆತ್ತವಳಿಗೂ ಗೊತ್ತಿರಲಿಕ್ಕಿಲ್ಲ!"

ಒಂದು ಮಾತನ್ನೂ ಹೆಚ್ಚುಕಡಿಮೆ ಮಾಡುವುದಿಲ್ಲವೆಂದು ಆಣೆಯಿಟ್ಟು ಕೆಲಸಕ್ಕೆ ಸೇರಿದವನು ದುಭಾಷಿ. ಮಂತ್ರಿ ಅವನ ಕಡೆ ತಿರುಗಿ ಕಾಯುತ್ತಿದ್ದ. ದುಭಾಷಿ ಹೇಳಿದ: "ಹೊಳೆ ಬಿಟ್ಟುಕೊಡುವುದು ತಮಗೆ ಬಹಳ ಕಷ್ಟ ಎನ್ನುತ್ತಿದ್ದಾರೆ, ಸ್ವಾಮಿ."

ಮಂತ್ರಿ ತಲೆಯಾಡಿಸಿದ. "ಕಷ್ಟವೇ, ಸುಳ್ಳಲ್ಲ. ಯಾರೂ ಬಿಟ್ಟುಕೊಡುವುದು ಬೇಡ, ಹಂಚಿಕೊಳ್ಳೋಣ ಎಂದು ಹೇಳು."

ಬೈಗುಳಕ್ಕೆ ಬೈಗುಳವೇ ಬರುತ್ತದೆಂದು ಕಾದಿದ್ದ ಮುಂಗೋಪಿ ತಬ್ಬಿಬ್ಬಾದ. ಸಂಜೆಯೊಳಗೆ ಒಪ್ಪಂದಕ್ಕೆ ಸಹಿ ಬಿತ್ತು. ಎರಡೂ ದಂಡುಗಳು ಮನೆಗೆ ಹೋದವು.

ಮಕ್ಕಳೇನೋ ಉಳಿದರು, ದುಭಾಷಿಗೆ ನೆಮ್ಮದಿ ಉಳಿಯಲಿಲ್ಲ. ನಂಬಿದ ಒಡೆಯನಿಗೆ ಸುಳ್ಳು ಹೇಳಿದೆನಲ್ಲ ಎಂದು ಹತ್ತು ವರ್ಷ ಒಳಗೊಳಗೇ ಬೆಂದ. ಮಂತ್ರಿ ಪದವಿ ಬಿಟ್ಟ ದಿನ ಅವನೆದುರು ನಿಂತು ತಪ್ಪೊಪ್ಪಿಕೊಂಡ. ಆದರೂ ಆ ಬೈಗುಳ ಮಾತ್ರ ಬಾಯಿಗೆ ಬರಲಿಲ್ಲ.

ಮುದುಕ ಅವನ ಕೈ ಹಿಡಿದುಕೊಂಡ. ನೆರೆದೇಶದ ನುಡಿಯಲ್ಲೇ, ಆಚೆ ದಡದ ದೋಣಿಯವರು ಆಡುವ ಹಾಗೆಯೇ ಹೇಳಿದ: "ನಾನು ಆ ದಡದ ಹುಡುಗರ ಜೊತೆ ಆಡಿ ಬೆಳೆದವನು, ತಮ್ಮ. ಅವತ್ತು ಎದ್ದು ಹೋಗುವವನಿದ್ದೆ. ನೀನು ಏನು ಹೇಳುತ್ತೀಯೋ ನೋಡೋಣ ಎಂದು ಕಾದೆ."

ತಾನು ಹತ್ತು ವರ್ಷ ಮುಚ್ಚಿಟ್ಟದ್ದನ್ನು ಈ ಮನುಷ್ಯ ಅಂದೇ ಕೇಳಿ, ಅಂದೇ ನುಂಗಿದ್ದ! ದುಭಾಷಿ ಟೋಪಿ ತೆಗೆದು ತಲೆಬಾಗಿ ನಿಂತ.

ಮರಿದೇವನ ಕಣ್ಣು ಅರಳಿತ್ತು. "ಅಬ್ಬಾ, ಎಂಥ ಮಂತ್ರಿ! ತಾವೂ ಹಾಗೆಯೇ, ಗುರುಗಳೇ."

"ಮಂತ್ರಿಯ ಮಾತು ಬಿಡಪ್ಪ, ಎರಡು ಹರದಾರಿ ದಾರಿಯಲ್ಲಿ ಎಲ್ಲಿಯೂ ಇಳಿಸದೆ ಆ ಡಂಭಾಚಾರಿ ಎಂಬ ಮಾತನ್ನು ಇಲ್ಲಿಯವರೆಗೆ ಹೊತ್ತು ತಂದವನು ಯಾರು?"