ಬುದ್ಧ ಹೇಗೆ ನಗುತ್ತಾನೆ?

“ಗುರುಗಳೇ, ನಾಳೆ ಪೂರ್ವದೇಶಗಳ ಯಾತ್ರೆಗೆ ಹೊರಟಿದ್ದೇನೆ. ಅಲ್ಲಿ ಬುದ್ಧನ ಮುಂದೆ, ಶಿವನ ಮುಂದೆ ನಿಂತಾಗ ಏನು ಬೇಡಿಕೊಳ್ಳಲಿ?”

ಶಿಷ್ಯ ಕೈಮುಗಿದು, ಕಣ್ಣು ಮುಚ್ಚಿ ಹೀಗೆ ಕೇಳಿದ. ಅವಲಕ್ಕಿ ತಿನ್ನುತ್ತಿದ್ದ ಗುರುಗಳು ಬೆಲ್ಲದ ಚೂರೊಂದನ್ನು ಅವನತ್ತ ಚಾಚಿದ್ದರು. ಅವನು ಕಣ್ಣು ತೆರೆಯುವಷ್ಟರಲ್ಲಿ ಅದನ್ನು ತಮ್ಮ ಬಾಯಿಗೇ ಹಾಕಿಕೊಂಡರು. “ಕೂತುಕೋ” ಎಂದು ಕತೆ ಶುರುಮಾಡಿದರು.

ಒಬ್ಬ ಸೀರೆ ವ್ಯಾಪಾರಿ ಇದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಅವಳಿಗೆ ಈಗ ಕಣ್ಣು ಹೋಗಿತ್ತು. ವ್ಯಾಪಾರಿ ಬರ್ಮಾ, ಸಯಾಮ್, ಬಾಲಿಯ ಕಡೆಗೆ ಹೊರಟಾಗ ಅಕ್ಕ ಹೇಳಿದಳು: “ಅಲ್ಲಿಯ ಬುದ್ಧ ನಗುತ್ತಾನಂತೆ. ಹೇಗೆ ನಗುತ್ತಾನೆ, ನೋಡಿಕೊಂಡು ಬಂದು ಹೇಳು ತಮ್ಮಾ. ನನಗೆ ಅಷ್ಟು ಸಾಕು.”

ಅವನು ಮೂರು ತಿಂಗಳು ತಿರುಗಿದ. ದಾರಿಯಲ್ಲಿ ಸಿಕ್ಕ ಒಂದು ಗುಡಿಯನ್ನೂ ಬಿಡಲಿಲ್ಲ. ಬುದ್ಧನ ಗುಡಿಗಳಲ್ಲಿ ಮಂಡಿಯೂರಿದ. ಬಾಲಿಯಲ್ಲಿ ಅಲ್ಲಿಯವರಂತೆ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿವನ ಗುಡಿಯೊಳಗೆ ಹೋದ. ಆದರೆ ದೇವರ ಮುಂದೆ ಮಾತ್ರ ನಾವೆಲ್ಲ ಮಾಡುವುದನ್ನೇ ಮಾಡಿದ. ನಿಂತೊಡನೆ ಕಣ್ಣು ಮುಚ್ಚಿದ. “ನಮ್ಮಕ್ಕನಿಗೆ ಕಣ್ಣು ಕೊಡಪ್ಪಾ” ಎಂದು ಕೆನ್ನೆ ಒದ್ದೆಯಾಗುವ ತನಕ ಬೇಡಿದ. ಅವನ ಪ್ರೀತಿಯೇನೂ ಸುಳ್ಳಲ್ಲ ಮತ್ತೆ. ಬೇಡಿ ಮುಗಿಸಿ, ಅಡ್ಡಬಿದ್ದು, ಹೊರಗೆ ಬರುತ್ತಿದ್ದ.

ಊರಿಗೆ ಮರಳಿದಾಗ ಅಕ್ಕ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಹೇಳು, ಹೇಗೆ ನಗುತ್ತಾನೆ? ಹಲ್ಲು ಕಾಣುತ್ತದೆಯೋ, ತುಟಿಯಲ್ಲೇ ನಗುತ್ತಾನೋ?”

ವ್ಯಾಪಾರಿ ನೆನಪು ಮಾಡಿಕೊಂಡ. ಚಪ್ಪಲಿ ಬಿಟ್ಟ ಕಟ್ಟೆ ನೆನಪಾಯಿತು. ಬಾಗಿಲಲ್ಲಿ ತಾವರೆ ಮೊಗ್ಗು ಮಾರುತ್ತಿದ್ದ ಹೆಂಗಸಿನ ಮುಖ ಕೂಡ ನೆನಪಾಯಿತು. ಬುದ್ಧನ ಮುಖ ನೆನಪಿಗೆ ಬರಲಿಲ್ಲ.

“ಅಕ್ಕಾ, ನಾನು ನಿನ್ನ ಕಣ್ಣಿಗಾಗಿ ಬೇಡಿಕೊಳ್ಳುತ್ತಾ ನಿಂತಿದ್ದೆ” ಎಂದ.

ಅಕ್ಕನಿಗೆ ತುಂಬ ದುಃಖವಾಯಿತು. ಬಯ್ಯಲಿಲ್ಲ. ಅವನ ತಲೆ ಸವರಿ, “ಹೋಗಲಿ ಬಿಡು. ನಿನಗೆ ಕಣ್ಣಿದೆಯಲ್ಲ ಎಂದು ತಾನೇ ನಾನು ಹೇಳಿ ಕಳಿಸಿದ್ದು” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರುಬಿಟ್ಟು, “ಅಯ್ಯೋ ಪಾಪ, ಒಂದು ಸಲವಾದರೂ ಕಣ್ಣು ತೆರೆದು ನಿಲ್ಲಬಾರದಿತ್ತೇ ಅವನು?” ಎಂದ.

“ಅವನ ವಿಷಯ ಇರಲಿ, ಆಗ ನೀನು ನನ್ನನ್ನು ಕೇಳುತ್ತಿದ್ದಾಗ ನಾನು ನಿನಗೆ ಏನು ಕೊಡಲು ಕೈ ಚಾಚಿದ್ದೆ, ಹೇಳು” ಎಂದರು ಗುರುಗಳು.