ಗಡಿಗೆಗೆ ಮರಳದ ಬಿಲ್ಲೆ

“ಮೇಷ್ಟ್ರೇ, ಬಂದ ಪಾಸ್‌ವರ್ಡ್ ಹಿಡಿಸದಿದ್ದರೆ ಇನ್ನೊಂದು ಕೇಳುವುದರಲ್ಲಿ ತಪ್ಪೇನು?” ಎಂದು ಶಿಷ್ಯ ಇಂದುಧರ ಕೇಳಿದ.

ಊರಿನ ಆಸ್ಪತ್ರೆಯವರಿಗಾಗಿ ಅವನು ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದ. ಗುಂಡಿ ಒತ್ತಿದರೆ ಅದು ಅಕ್ಷರ, ಅಂಕಿಗಳನ್ನು ಹೇಗೆಂದರೆ ಹಾಗೆ ಹೆಕ್ಕಿ ಒಂದು ಪಾಸ್‌ವರ್ಡ್ ಕೊಡುತ್ತಿತ್ತು. ರೋಗಿಗಳ ಗುಟ್ಟೆಲ್ಲ ಅದರ ಹಿಂದೆ ಇರಬೇಕಾಗಿತ್ತು. ಆದರೆ ಬಂದದ್ದು ಯಾರಿಗೂ ಹಿಡಿಸಲಿಲ್ಲ. ಒಬ್ಬರಿಗೆ ಕೊನೆಯಲ್ಲಿ ಎಂಟು ಬಂತೆಂದು ಮುನಿಸು, ಇನ್ನೊಬ್ಬರಿಗೆ ನಾಲಿಗೆ ಹೊರಳುವುದಿಲ್ಲವೆಂದು. ಇಂದುಧರ ಎರಡು ಸಾಲು ಸೇರಿಸಿ, ಹಿಡಿಸುವವರೆಗೂ ಒತ್ತುತ್ತಿರಿ ಎಂದುಬಿಟ್ಟ.

ಮೇಷ್ಟ್ರು ಆ ಸಾಲುಗಳನ್ನು ಓದಿದರು. ಕನ್ನಡಕ ತೆಗೆದಿಟ್ಟು ಈ ಕತೆ ಹೇಳಿದರು.

ಬಂದ ಬಿಲ್ಲೆಯನ್ನು ಮರಳಿ ಗಡಿಗೆಗೆ ಹಾಕಕೂಡದು. ಒಂದು ಕೋಟೆಯಲ್ಲಿ ಕಾವಲಿನವರಿಗೆ ಇದ್ದದ್ದು ಈ ಒಂದೇ ಕಟ್ಟಳೆ. ಅದನ್ನೇ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಮುರಿದಿದ್ದರು.

ಕೋಟೆಗೆ ಒಂದರೊಳಗೊಂದು ನಾಲ್ಕು ಬಾಗಿಲು. ಪ್ರತಿ ಬಾಗಿಲಿಗೂ ಒಬ್ಬ ಕಾವಲುಗಾರ, ಅವನ ಬಳಿ ಒಂದು ಗಡಿಗೆ. ಗಡಿಗೆಯ ತುಂಬ ಮರದ ಬಿಲ್ಲೆಗಳು, ಬಿಲ್ಲೆಗೊಂದು ಅಕ್ಷರ. ಬೆಳಿಗ್ಗೆ ಕಣ್ಣು ಮುಚ್ಚಿ ಮೂರು ಬಿಲ್ಲೆ ತೆಗೆಯಬೇಕು. ಬಂದದ್ದೇ ಆ ದಿನದ ಪದ. ಒಳಗೆ ಬರಬೇಕಾದವರಿಗೆ ಅದನ್ನು ಓಲೆಯಲ್ಲಿ ಮುಟ್ಟಿಸುತ್ತಿದ್ದರು. ಪದ ಹೇಳಿದವರಿಗೆ ಬಾಗಿಲು. ಮೂರು ಸಲ ತಪ್ಪಿದರೆ ಇಲ್ಲ.

ದೊರೆಯ ಮಗಳ ಮದುವೆಯ ದಿನ ಬಂತು. ನಾಲ್ಕನೆಯ ಬಾಗಿಲಿನವನು ಗಡಿಗೆಗೆ ಕೈ ಹಾಕಿದ. ಸೂ ಬಂತು, ತ ಬಂತು, ಕ ಬಂತು. ಅಷ್ಟರಲ್ಲಿ ಮಂತ್ರಿ ಬಂದು ನೋಡಿದ.

“ಏನಯ್ಯಾ, ಮದುವೆಯ ದಿನ ಬೀಗರ ಬಾಯಲ್ಲಿ ಸೂತಕ ಅನ್ನಿಸುತ್ತೀಯಾ? ಹಾಕು ಒಳಗೆ. ಮಿಕ್ಕ ಮೂವರೂ ಹಾಕುತ್ತಾರೆ, ನಿನಗೇನು ಕೋಡು ಮೂಡಿದೆಯೇ?”

“ಇವತ್ತು ಕೆಟ್ಟದ್ದೆಂದು ಹಾಕಿದರೆ ನಾಳೆ ಸಪ್ಪೆಯೆಂದು ಹಾಕುತ್ತೇನೆ ಬುದ್ಧಿ. ಆಮೇಲೆ ಪದ ಗಡಿಗೆಯದಲ್ಲ, ನನ್ನದು. ನನ್ನ ಮನಸ್ಸು ಊರಿಗೆಲ್ಲ ಗೊತ್ತು.”

“ಸಂಜೆಗೆ ಈ ಬಾಗಿಲಿಗೆ ಬೇರೆಯವನು ಬರುತ್ತಾನೆ.”

“ಬರಲಿ ಬುದ್ಧಿ. ಸಂಜೆಯವರೆಗೆ ಪದ ಇದೇ.”

ಮನೆಯಲ್ಲಿ ಆರು ಜನ ಅವನ ಸಂಬಳವನ್ನೇ ನಂಬಿದ್ದರು. ಅದು ಅವನಿಗೆ ನೆನಪಿತ್ತು. ಆದರೂ ಬಿಲ್ಲೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಗರಿಗೆ ಓಲೆ ಕಳಿಸಿದ.

ಮಧ್ಯಾಹ್ನ ಒಂದು ದಿಬ್ಬಣ ಬಂತು. ಮುಂದೆ ಒಬ್ಬ ಬಳೆಗಾರ. ಒಂದು ವರ್ಷದಿಂದ ಕೋಟೆಯೊಳಗೆ ಬಳೆ ತೊಡಿಸುತ್ತಿದ್ದವನು. ಅವನ ಕೈಗೆ ಅಂದಿನ ಓಲೆ ಸಿಕ್ಕಿರಲಿಲ್ಲ. ಅವನು ಓದಿಕೊಂಡಿದ್ದದ್ದು ಕಾವಲುಗಾರರನ್ನು. ಮೊದಲ ಬಾಗಿಲಿನವನು ದೈವಭಕ್ತ. ‘ಮಾಧವ’ ಎಂದ, ಬಾಗಿಲು ತೆರೆಯಿತು. ಎರಡನೆಯವನು ತಿಂಡಿಪೋತ. ‘ಕಡುಬು’ ಎಂದ, ಆಗಲಿಲ್ಲ. ‘ಹೋಳಿಗೆ’ ಎಂದ, ತೆರೆಯಿತು. ಮೂರನೆಯವನು ಸೋಮಾರಿ. ಅಂಥ ದಿನ ಅವನು ‘ಮದುವೆ’ ಎಂದಲ್ಲದೆ ಇನ್ನೇನು ಇಟ್ಟಾನು? ಅದೂ ತೆರೆಯಿತು.

ನಾಲ್ಕನೆಯವನ ಮನಸ್ಸು ಮಾತ್ರ ಬಳೆಗಾರನಿಗೆ ಆ ಬಾಗಿಲಿನ ಪದಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಯಾರಾದರೇನು, ಇವತ್ತು ಒಳ್ಳೆಯ ಪದವನ್ನೇ ಇಟ್ಟಿರುತ್ತಾನೆ ಎಂದುಕೊಂಡ.

“ಮಂಗಳ.”

“ಅಲ್ಲ.”

“ಶೋಭನ.”

“ಅಲ್ಲ.”

ಒಳಗಿನಿಂದ ಮಂತ್ರಿ ಕೂಗಿದ. “ತೆಗೆಯಯ್ಯಾ, ಬೀಗರು ಬಿಸಿಲಲ್ಲಿ ನಿಂತಿದ್ದಾರೆ. ನಿನ್ನ ದರಿದ್ರ ಪದ ಹೇಳಲು ಅವರಿಗೆ ನಾಚಿಕೆ.”

ಇದ್ದರೂ ಇರಬಹುದು ಎಂದು ಕಾವಲುಗಾರನಿಗೂ ಅನ್ನಿಸಿತು. ಹೊರಗಿರುವವರು ಯಾರೆಂದು ಅವನಿಗೆ ತಿಳಿಯದು. ಅವನ ಕೈ ಅಗಳಿಯ ಮೇಲಿತ್ತು.

“ಕಂಕಣ,” ಎಂದ ಬಳೆಗಾರ.

“ಮೂರಾಯಿತು,” ಎಂದು ಕಾವಲುಗಾರ ಎರಡನೆಯ ಅಗಳಿಯನ್ನೂ ಹಾಕಿದ.

ದಿಬ್ಬಣದ ಶಾಲುಗಳ ಕೆಳಗಿನಿಂದ ಕತ್ತಿಗಳು ಹೊರಬಂದದ್ದು ಆಮೇಲೆ. ಬಾಗಿಲು ತೆರೆಯಲಿಲ್ಲ.

ಕತೆ ಅಲ್ಲಿಗೆ ನಿಂತಿತು. “ಅಂಥ ಪದ ಬಂದದ್ದು ಅವನ ಪುಣ್ಯ ಮೇಷ್ಟ್ರೇ,” ಎಂದ ಇಂದುಧರ.

ಮೇಷ್ಟ್ರು ಪರದೆಯನ್ನು ಅವನ ಕಡೆಗೆ ತಿರುಗಿಸಿದರು.

“ಬಿಲ್ಲೆಯನ್ನು ಗಡಿಗೆಗೆ ಮರಳಿ ಹಾಕುವ ಸಾಲು ಇದರಲ್ಲಿ ಎಷ್ಟನೆಯದು?”

ಇಂದುಧರ ತಾನು ಸೇರಿಸಿದ್ದ ಎರಡು ಸಾಲುಗಳನ್ನು ಅಳಿಸಿದ.