ಏಳು ಮನೆಯ ಬೀಜ

"ಗುರುಗಳೇ, ನಾಲ್ಕನೆಯ ವ್ರತವನ್ನೂ ಹಿಡಿಯಲೇ?" ಎಂದು ಶಿಷ್ಯ ಕೇಳಿದ.

ಯುಗಾದಿ ಕಳೆದ ಮೇಲೆ ಅವನು ಹೊಳೆಯಾಚೆಯ ಮಠಕ್ಕೆ ಪಾಠ ಹೇಳಲು ಹೋಗಬೇಕಿತ್ತು. ಅಲ್ಲಿ ತಪ್ಪಿದರೆ ಗುರುವಿನ ಹೆಸರು ಕೆಡುತ್ತದೆ ಎಂಬ ಭಯ ಅವನನ್ನು ಹಿಡಿದಿತ್ತು. ಆ ಭಯಕ್ಕೆ ಒಂದು ಹೊತ್ತಿನ ಊಟ ಬಿಟ್ಟ, ಹಾಸಿಗೆ ಬಿಟ್ಟ, ಅರ್ಧ ನಿದ್ದೆಯನ್ನೂ ಬಿಟ್ಟ. ಕಣ್ಣುಗಳು ಗುಳಿಬಿದ್ದಿದ್ದವು. ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಂದು ತಗ್ಗಿನಲ್ಲಿ ಏಳು ಮನೆಯವರ ಗದ್ದೆಗಳಿದ್ದವು. ನಿಂತ ನೀರನ್ನು ತಾಳುವ ಒಂದು ಉದ್ದ ತಳಿಯ ಭತ್ತ ಬಿಟ್ಟರೆ ಅಲ್ಲಿ ಬೇರೇನೂ ಬರುತ್ತಿರಲಿಲ್ಲ. ಒಂದು ವರ್ಷ ನೆರೆ ಬಂದು ನೀರು ಮನೆಗಳಿಗೇ ನುಗ್ಗಿತು. ಕಣಜಗಳೆಲ್ಲ ತೊಳೆದು ಹೋದವು. ಒಬ್ಬ ರೈತನ ಅಟ್ಟದ ಮೇಲೆ ಹುಲ್ಲಿನಲ್ಲಿ ಕಟ್ಟಿಟ್ಟ ಒಂದು ಮುಡಿ ಬೀಜ ಮಾತ್ರ ಉಳಿಯಿತು. "ಈ ವರ್ಷ ನೀನೊಬ್ಬ ಬೆಳೆ. ಬಂದದ್ದು ಏಳು ಮನೆಗೂ ಬೀಜವಾಗಲಿ" ಎಂದು ಆರು ಮನೆಯವರು ತಮ್ಮ ಗದ್ದೆ ಬೀಳುಬಿಟ್ಟರು.

ಸಂಜೆಯಾದರೆ ಅವರು ಬಂದು ಬದುವಿನ ಮೇಲೆ ನಿಲ್ಲುತ್ತಿದ್ದರು. ಪೈರು ನೋಡಿ, ಏನೂ ಹೇಳದೆ ಹೋಗುತ್ತಿದ್ದರು. ಅವರು ಬೈದಿದ್ದರೂ ರೈತನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ನಾಟಿಯಾದ ವಾರಕ್ಕೆ ಪೈರು ಕೊಂಚ ಹಳದಿ ತಿರುಗಿತು. ಬೇರು ಹಿಡಿಯುವ ತನಕ ಯಾವ ಪೈರೂ ಹಾಗೆಯೇ. ಅದು ಅವನಿಗೂ ಗೊತ್ತಿತ್ತು. ಆದರೆ ಹೆದರಿದವನಿಗೆ ಗೊತ್ತಿದ್ದದ್ದೂ ಮರೆಯುತ್ತದೆ. ಮೇಲಿನ ದಿಣ್ಣೆಯಲ್ಲಿ ಒಬ್ಬ ಅಜ್ಜಿಯ ಗದ್ದೆ ಹಚ್ಚಹಸಿರಾಗಿತ್ತು. ಅವಳು ಮೂರು ಸಲ ಗೊಬ್ಬರ ಹಾಕಿದ್ದಳು. ಇವನೂ ಹಾಕಿದ. ಮತ್ತೆ ಹಾಕಿದ. ಮೂರನೆಯ ಬುಟ್ಟಿ ಹೊತ್ತು ಬರುವಾಗ ಅಜ್ಜಿ ತಡೆದಳು.

"ಏನಪ್ಪಾ, ನನ್ನದು ದಿಣ್ಣೆ, ಗಿಡ್ಡ ತಳಿ. ನಾನು ಹಾಕಿದ್ದರಲ್ಲಿ ಅರ್ಧ ನೀರಿನ ಜೊತೆ ಇಳಿದು ನಿನ್ನ ಗದ್ದೆಗೇ ಬರುತ್ತೆ. ನಿನ್ನ ಪೈರು ಆಗಲೇ ಕಡುಹಸಿರಾಗಿ ಕಪ್ಪಿಟ್ಟಿದೆ. ಇನ್ನೂ ಬೇಕು ಅಂತ ಪೈರು ಕೇಳಿತಾ?"

"ಇಲ್ಲ ಅಜ್ಜಿ. ಸುಮ್ಮನೆ ಕೂತರೆ ಹೆದರಿಕೆ ಹೆಚ್ಚುತ್ತೆ. ಗೊಬ್ಬರ ಹಾಕಿದ ದಿನ ಒಂದಿಷ್ಟು ನಿದ್ದೆ ಬರುತ್ತೆ."

ಅಜ್ಜಿ ದಾರಿ ಬಿಟ್ಟಳು.

ಪೈರು ಅವನ ಎದೆ ದಾಟಿ ಬೆಳೆಯಿತು. ಯಾರಾದರೂ ಹೊಗಳಿದರೆ ದೃಷ್ಟಿ ತಗುಲೀತೆಂದು ಅದಕ್ಕೂ ಹೆದರಿದ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಸ್ವಾತಿ ಮಳೆ ಬಂತು. ದೊಡ್ಡ ಮಳೆಯೇನಲ್ಲ, ಅಂಥ ಹತ್ತು ಮಳೆಯನ್ನು ಆ ತಳಿ ಎಂದೋ ಕಂಡಿತ್ತು. ಅಜ್ಜಿಯ ಗಿಡ್ಡ ಪೈರು ಅಲುಗಲಿಲ್ಲ. ಇವನ ಪೈರಿನ ದಂಟು ಗೊಬ್ಬರ ಹೆಚ್ಚಾಗಿ ಕೊಬ್ಬಿ ಮೆತ್ತಗಾಗಿತ್ತು. ಗದ್ದೆಗೆ ಗದ್ದೆಯೇ ನೀರಿನಲ್ಲಿ ಮಲಗಿತು. ಕೊಯ್ಲಿನ ದಿನ ಅವನು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದ. ಎಲ್ಲ ಜೊಳ್ಳು, ಒಂದು ಕಾಳೂ ಉಳಿಯಲಿಲ್ಲ.

ಅಂದು ಸಂಜೆಯೂ ಆರು ಮನೆಯವರು ಬಂದು ಬದುವಿನ ಮೇಲೆ ನಿಂತರು.

ಕತೆ ಅಲ್ಲಿಗೆ ನಿಂತಿತು. "ಆಮೇಲೆ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಗುಳಿಬಿದ್ದ ಕಣ್ಣುಗಳನ್ನು ನೋಡಿ, "ನಾಲ್ಕನೆಯ ಬುಟ್ಟಿ ಹೊತ್ತು ಬಂದಿದ್ದೀಯಲ್ಲ ಮಗು, ಪೈರು ಕೇಳಿತೇ?" ಎಂದರು.